62 ಡೈವ್ ಆಗಿದೆ, ಟೆಕ್ನಿಕಲ್ ಡೈವಿಂಗ್‌ಗೆ ಹೋಗಲೋ ಬೇಡವೋ? ಕಲಬುರಗಿಯಿಂದ ಕೇಳುತ್ತಿದ್ದೇನೆ

ಭೀಮಾತೀರ, ಕಲಬುರಗಿ

ಎಲ್ಲರಿಗೂ ಶರಣು. ನನಗೆ 36 ವರ್ಷ. ಇಲ್ಲಿ ಒಂದು ತೊಗರಿ ದಾಲ್ ಮಿಲ್ಲಿನಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಸಮುದ್ರ ಅಂದರೆ ನಮಗೆ 500 ಕಿಲೋಮೀಟರ್ ಆಚೆಯ ಮಾತು. ಆದರೂ ಆರು ವರ್ಷದ ಹಿಂದೆ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಮೊದಲ ಸಲ ಸಿಲಿಂಡರ್ ಹೊತ್ತು ನೀರಿಗಿಳಿದೆ, ಅಲ್ಲಿಂದ ಈ ಹುಚ್ಚು ಬಿಟ್ಟಿಲ್ಲ. ಓಪನ್ ವಾಟರ್, ಅಡ್ವಾನ್ಸ್‌ಡ್, ನೈಟ್ರಾಕ್ಸ್, ಡೀಪ್ ಕೋರ್ಸ್ ಎಲ್ಲ ಮುಗಿದಿದೆ. ಲಾಗ್‌ಬುಕ್‌ನಲ್ಲಿ 62 ಡೈವ್. ಅರ್ಧ ನೇತ್ರಾಣಿಯವು, ಉಳಿದವು ಅಂಡಮಾನ್‌ನ ಹ್ಯಾವ್‌ಲಾಕ್, ಒಂದಿಷ್ಟು ಪುದುಚೇರಿ.

ಈಗ ಮನಸ್ಸು ಟೆಕ್ನಿಕಲ್ ಕಡೆ, ಅಂದರೆ ಇನ್ನೂ ಆಳಕ್ಕೆ, ಇನ್ನೂ ಹೆಚ್ಚು ಹೊತ್ತು ಇಳಿಯೋ ಡೈವಿಂಗ್ ಕಡೆ ಎಳೆಯುತ್ತಿದೆ. ಕಾರಣ ಎರಡು. ಒಂದು, ಹರ್ಮಿಸ್. ಶ್ರೀಲಂಕಾದ ಬಟ್ಟಿಕಲೋವ ಹತ್ತಿರ ಮುಳುಗಿರುವ ಬ್ರಿಟಿಷ್ ವಿಮಾನವಾಹಕ ಹಡಗು. 1942ರ ಏಪ್ರಿಲ್ 9ರಂದು ಜಪಾನಿನ ವಿಮಾನಗಳು ಬಾಂಬ್ ಹಾಕಿ ಮುಳುಗಿಸಿದ್ದು. ತಳ ಸುಮಾರು 53 ಮೀಟರ್. ನನ್ನ ಕೋರ್ಸಿನ ಕಾರ್ಡ್ 40 ಮೀಟರಿಗೆ ನಿಲ್ಲುತ್ತದೆ.

ಎರಡನೆಯದು ಹೋದ ಸಲ ಹ್ಯಾವ್‌ಲಾಕ್‌ನಲ್ಲಿ ಆಗಿದ್ದು. 34 ಮೀಟರ್‌ನಲ್ಲಿ ಬಂಡೆಯ ಸಂದಿಯೊಳಗೆ ದೊಡ್ಡದೊಂದು ಮುರು ಮೀನು. ಬಾಯಿ ತೆರೆದು ನಿಂತಿತ್ತು, ಸಣ್ಣ ಸೀಗಡಿಗಳು ಅದರ ಹಲ್ಲು ಸ್ವಚ್ಛ ಮಾಡುತ್ತಿದ್ದವು. ನೋಡುತ್ತಾ ನಿಂತೆ. ಕೈಯ ಡೈವ್ ಕಂಪ್ಯೂಟರ್ ನೋಡಿದರೆ ಸೀದಾ ಮೇಲೆ ಬರಬಹುದಾದ ಹೊತ್ತು ಇನ್ನು 3 ನಿಮಿಷ ಅಂತ ತೋರಿಸುತ್ತಿತ್ತು. ಬಿಟ್ಟು ಬರಬೇಕಾಯಿತು. ಇನ್ನೊಂದು ಹತ್ತು ನಿಮಿಷ ಸಿಕ್ಕಿದ್ದರೆ ಅಂತ ಇವತ್ತಿಗೂ ಅನ್ನಿಸುತ್ತದೆ.

ಬೀದರಿನ ಗೆಳೆಯ ಒಬ್ಬ ಕೋರ್ಸ್ ಮಾಡೋಣ ಬಾ ಅಂತ ಒಂದು ವರ್ಷದಿಂದ ಬೆನ್ನು ಬಿದ್ದಿದ್ದಾನೆ. ಮನೆಯಲ್ಲಿ ಹೇಳಿದೆ. ಹೆಂಡತಿ ಬೇಡ ಅನ್ನಲಿಲ್ಲ. ಒಂದೇ ಪ್ರಶ್ನೆ ಕೇಳಿದಳು: "ಈಗ ಏನಾದರೂ ಆದರೆ ಸೀದಾ ಮೇಲೆ ಬರ್ತೀರಿ. ಆಮೇಲೂ ಬರೋಕಾಗ್ತದಾ?" ನನಗೆ ಉತ್ತರ ಕೊಡಲು ಆಗಲಿಲ್ಲ. ಅನುಭವ ಇದ್ದವರು ಹೇಳಿ.

ಕೋಟೆ ಕಂದಕ, ಬೀದರ್

ಆ ಗೆಳೆಯ ನಾನೇ. ಯಾಕೆ ಬೆನ್ನು ಬಿದ್ದಿದ್ದೇನೆ ಅಂತ ಎಲ್ಲರ ಮುಂದೆಯೇ ಹೇಳುತ್ತೇನೆ.

ಸಾದಾ ಗಾಳಿಯಲ್ಲಿ 30 ಮೀಟರ್‌ಗೆ ಹೋದರೆ ಡೈವ್ ಪಟ್ಟಿ (ಯಾವ ಆಳದಲ್ಲಿ ಎಷ್ಟು ಹೊತ್ತು ಇರಬಹುದು ಅನ್ನೋ ಕೋಷ್ಟಕ) ಕೊಡೋದು 20 ನಿಮಿಷ. 40 ಮೀಟರ್‌ಗೆ 9 ನಿಮಿಷ, ಅದರಲ್ಲಿ ಇಳಿಯೋ ಹೊತ್ತೂ ಸೇರಿದೆ. ಅಂದರೆ ಕೆಳಗೆ ಹೋಗಿ ಸುತ್ತ ನೋಡೋದರೊಳಗೆ ವಾಪಸ್. ಎರಡನೆಯ ಮಾತು, ಈಗ ನಮ್ಮ ಬೆನ್ನ ಮೇಲೆ ಇರೋದು ಒಂದೇ ಸಿಲಿಂಡರ್, ಅದರ ಒತ್ತಡ ಇಳಿಸೋ ಫಸ್ಟ್ ಸ್ಟೇಜ್ ಒಂದೇ. ಒಂದು ರಬ್ಬರ್ ಓ-ರಿಂಗ್ ಹರಿದರೆ ನಿಮ್ಮ ಜೀವ ಬಡ್ಡಿಯ, ಅಂದರೆ ಜೊತೆಗೆ ಇಳಿದವನ ಕೈಯಲ್ಲಿ. ಆ ಬಡ್ಡಿ ಹತ್ತು ಮೀಟರ್ ದೂರದಲ್ಲಿ ಫೋಟೋ ತೆಗೆಯುತ್ತಿರುತ್ತಾನೆ. ಟ್ವಿನ್‌ಸೆಟ್‌ನಲ್ಲಿ ಎರಡು ಸಿಲಿಂಡರ್, ಎರಡು ವಾಲ್ವ್, ಬಾಯಲ್ಲಿ ಇಟ್ಟು ಉಸಿರಾಡೋ ಎರಡು ರೆಗ್ಯುಲೇಟರ್, ನಡುವೆ ಬೇರ್ಪಡಿಸೋ ವಾಲ್ವ್ ಒಂದು. ಒಂದು ಕಡೆ ಸೋರಿದರೆ ಅದನ್ನು ಮುಚ್ಚಿ ಇನ್ನೊಂದರಲ್ಲಿ ಉಸಿರಾಡಿಕೊಂಡು ಬರಬಹುದು. ಇದು ಹೆಚ್ಚು ಸುರಕ್ಷಿತ ಅಲ್ಲ ಅಂತ ಯಾರು ಹೇಳುತ್ತಾರೆ?

ಮೊದಲ ಹಂತದ ಟೆಕ್ ಕೋರ್ಸ್‌ಗಳಿಗೆ 25, 30 ಡೈವ್ ಇದ್ದರೂ ತೆಗೆದುಕೊಳ್ಳುತ್ತಾರೆ. ಇವನ ಹತ್ತಿರ 62 ಇದೆ. ವಯಸ್ಸು ಹಿಂದಕ್ಕೆ ಹೋಗೋದಿಲ್ಲ. ಕಲಿಯೋದನ್ನು ಕಲಿಸೋರ ಮುಂದೆಯೇ ಕಲಿಯಬೇಕು, ಮನೆಯಲ್ಲಿ ಕೂತು ತಯಾರಾಗೋಕೆ ಆಗೋದಿಲ್ಲ.

ಝರಣಿ, ಬೀದರ್

ಅಂಡಮಾನ್‌ನಲ್ಲಿ ಒಂಬತ್ತು ವರ್ಷ ಡೈವಿಂಗ್ ಕಲಿಸಿ ಈಗ ಊರಿಗೆ ಬಂದಿದ್ದೇನೆ. ಟ್ರೈಮಿಕ್ಸ್ (ಹೀಲಿಯಂ ಸೇರಿಸಿದ ಗಾಳಿ) ತನಕ ಕಲಿತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ತಮ್ಮಾ, ನಿನ್ನ ಮನೆಯವಳು ಕೇಳಿದ್ದೇ ಸರಿಯಾದ ಪ್ರಶ್ನೆ. 53 ಮೀಟರ್, ಎರಡು ಸಿಲಿಂಡರ್, ಹರ್ಮಿಸ್ ಎಲ್ಲ ಆಮೇಲೆ.

ನೀವಿಬ್ಬರೂ ಝರಣಿ ನರಸಿಂಹನ ಗುಹೆಗೆ ಹೋಗಿದ್ದೀರಿ ಅಲ್ವಾ? ಸುಮಾರು 300 ಮೀಟರ್ ಸುರಂಗ. ಎದೆಮಟ್ಟ ನೀರು, ತಲೆ ಮೇಲೆ ಬಾವಲಿಗಳು. ನಟ್ಟನಡುವೆ ನಿಂತಾಗ ಯಾರಿಗಾದರೂ ಗಾಬರಿಯಾದರೆ ಮೇಲಕ್ಕೆ ಹೋಗಿ ಪಾರಾಗೋ ಹಾಗಿಲ್ಲ. ಮೇಲಿರೋದು ಕಲ್ಲು. ಬಂದ ದಾರಿಯಲ್ಲೇ, ಜನರ ನಡುವೆ, ಒಂದೊಂದೇ ಹೆಜ್ಜೆ ಇಟ್ಟು ತಿರುಗಿ ಬರಬೇಕು. ನಾನು ಹುಡುಗಿಯಾಗಿದ್ದಾಗ ಅಲ್ಲಿ ಒಬ್ಬ ಅಜ್ಜಿಗೆ ಉಸಿರು ಕಟ್ಟಿದಂತಾಯಿತು. ಅವರ ಮಗ ಕೈ ಹಿಡಿದು, ಮಾತಾಡಿಸುತ್ತಾ, ಆ ನೀರಿನಲ್ಲಿ ಇಂಚಿಂಚೇ ಹಿಂದೆ ಕರೆದುಕೊಂಡು ಬಂದರು. ಅವಸರ ಮಾಡಲಿಲ್ಲ. ಮಾಡೋಕೆ ಆಗುತ್ತಲೂ ಇರಲಿಲ್ಲ.

ಡಿಕೋ (ಡಿಕಂಪ್ರೆಷನ್) ಡೈವ್, ಅಂದರೆ ಮೇಲೆ ಬರುವಾಗ ನಡುನಡುವೆ ಸ್ಟಾಪ್ ಹಾಕಿ ನಿಲ್ಲಲೇಬೇಕಾದ ಡೈವ್, ಅದೇ ಗುಹೆ. ಆದರೆ ಚಾವಣಿ ಕಾಣೋದಿಲ್ಲ. ಮೇಲೆ ಬೆಳಕು ಕಾಣುತ್ತದೆ, ದೋಣಿಯ ತಳ ಕಾಣುತ್ತದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಅನ್ನಿಸುತ್ತದೆ. ಹೋಗುವಂತಿಲ್ಲ. ಆಳದಲ್ಲಿ ಜಾಸ್ತಿ ಹೊತ್ತು ಇದ್ದಾಗ ನೈಟ್ರೋಜನ್ ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲುಗಳಲ್ಲಿ ಕರಗಿ ಕೂತಿರುತ್ತದೆ. ಅದು ನಿಧಾನವಾಗಿ ಹೊರಗೆ ಹೋಗಬೇಕು. ಗೋಲಿ ಸೋಡಾದ ಗೋಲಿಯನ್ನು ಒಮ್ಮೆಲೇ ಒಳಗೆ ಒತ್ತಿದರೆ ಏನಾಗುತ್ತದೆ ಅಂತ ಎಲ್ಲರೂ ನೋಡಿದ್ದೇವೆ. ಆ ಗುಳ್ಳೆಗಳು ಬೆನ್ನುಹುರಿಯಲ್ಲಿ ಎದ್ದರೆ ಕಾಲು ಹೋಗಬಹುದು.

ಹಾಗಾಗಿ ರಿಕ್ರಿಯೇಷನಲ್‌ಗೂ ಟೆಕ್ನಿಕಲ್‌ಗೂ ಇರೋ ವ್ಯತ್ಯಾಸ ಆಳದ್ದಲ್ಲ. ಇಲ್ಲಿಯ ತನಕ ನೀನು ಕಲಿತ ಎಲ್ಲದಕ್ಕೂ ಕೊನೆಯ ಉತ್ತರ ಒಂದೇ ಇತ್ತು: ಮೇಲೆ ಬಾ. ಇನ್ನು ಮುಂದೆ ಆ ಉತ್ತರ ಇಲ್ಲ. ಮಾಸ್ಕ್ ಹೋದರೂ, ರೆಗ್ಯುಲೇಟರ್ ಹೋದರೂ, ಬಡ್ಡಿಗೆ ವಾಂತಿ ಬಂದರೂ, ಅಲ್ಲೇ, ಅದೇ ಆಳದಲ್ಲಿ ಸರಿ ಮಾಡಬೇಕು.

"ಅದೇ ಆಳದಲ್ಲಿ" ಅನ್ನೋದು ಎಷ್ಟು ಕಟ್ಟುನಿಟ್ಟು ಅಂತ ಒಂದು ಲೆಕ್ಕ ಹೇಳುತ್ತೇನೆ. ಡಿಕೋ ಬೇಗ ಮುಗಿಯಲಿ ಅಂತ ಕೊನೆಯ ಸ್ಟಾಪ್‌ನಲ್ಲಿ ಶುದ್ಧ ಆಕ್ಸಿಜನ್ ಉಸಿರಾಡುತ್ತೇವೆ. ಆ ಸ್ಟಾಪ್ 6 ಮೀಟರ್. ಅಲ್ಲಿ ಒತ್ತಡ 1.6 ಪಟ್ಟು, ಆಕ್ಸಿಜನ್‌ನ ಒತ್ತಡವೂ 1.6. ಅದೇ ಕೊನೆಯ ಮಿತಿ. ಮೈಮರೆತು 9 ಮೀಟರ್‌ಗೆ ಇಳಿದರೆ 1.9. ಆಕ್ಸಿಜನ್ ವಿಷವಾಗಿ ಮೂರ್ಛೆ ರೋಗದಂತೆ ಮೈ ಅದುರಲು ಶುರುವಾದರೆ ಬಾಯಿಂದ ರೆಗ್ಯುಲೇಟರ್ ಬೀಳುತ್ತದೆ. ಮುಂದಿನದನ್ನು ಬರೆಯಬೇಕಾಗಿಲ್ಲ. ಮೇಲೆ 3 ಮೀಟರ್‌ಗೆ ತೇಲಿದರೆ ಚಾವಣಿ ಒಡೆದಂತೆ. ಅರ್ಧ ಮೀಟರ್ ಆಚೀಚೆ, ಅಷ್ಟೇ ಜಾಗ.

ಅದಕ್ಕೇ ನನ್ನ ಹತ್ತಿರ ಯಾರಾದರೂ ಟೆಕ್ ಕಲಿಯಬೇಕು ಅಂತ ಬಂದರೆ ಡೈವ್ ಎಷ್ಟಾಗಿದೆ ಅಂತ ಕೇಳುತ್ತಿರಲಿಲ್ಲ. ಹಗ್ಗ ಹಿಡಿಯದೆ 6 ಮೀಟರ್‌ನಲ್ಲಿ ಹತ್ತು ನಿಮಿಷ ಇರು ಅನ್ನುತ್ತಿದ್ದೆ. ಮಲಗಿದ ಹಾಗೆ ಮಟ್ಟಸವಾಗಿ, ಕಾಲು ಆಡಿಸದೆ. ಆ ಹತ್ತು ನಿಮಿಷದಲ್ಲಿ ಎಸ್‌ಎಂಬಿ (ದೋಣಿಗೆ ಗುರುತು ಸಿಗಲಿ ಅಂತ ಗಾಳಿ ಊದಿ ಮೇಲೆ ಬಿಡೋ ಟ್ಯೂಬು) ಬಿಡು. ಮಾಸ್ಕ್ ತೆಗೆದು ಒಂದು ನಿಮಿಷ ಇದ್ದು ಮತ್ತೆ ಹಾಕು. ಬಡ್ಡಿಗೆ ಗಾಳಿ ಕೊಡು. ಆಮೇಲೆ ಕಂಪ್ಯೂಟರ್‌ನಲ್ಲಿ ಆಳದ ಗೆರೆ ನೋಡೋಣ. 200 ಡೈವ್ ಮಾಡಿದವರ ಗೆರೆ ಬೆಟ್ಟಗುಡ್ಡದ ಹಾಗೆ ಇದ್ದದ್ದು ನೋಡಿದ್ದೇನೆ. ನೇತ್ರಾಣಿಗೆ ಹೋದಾಗ ಇದನ್ನು ಮಾಡು. ಖರ್ಚಿಲ್ಲ.

ಕಂದಕದ ತಮ್ಮಾ, ಟ್ವಿನ್‌ಸೆಟ್ ಬಗ್ಗೆ ನೀನು ಹೇಳಿದ್ದು ನಿಜ. ಆದರೆ ಎರಡು ವಾಲ್ವ್ ಇದ್ದರೆ ಸಾಲದು. ತಲೆ ಹಿಂದೆ ಗುಳ್ಳೆ ಬರುತ್ತಿರುವಾಗ ಕಣ್ಣಿಗೆ ಕಾಣದ ಆ ಗುಬುಟುಗಳನ್ನು ಕೈ ಹುಡುಕಬೇಕು. ಬಲಗಡೆಯದಾ, ಎಡಗಡೆಯದಾ, ನಡುವಿನದಾ ಅಂತ ತಿಳಿಯಬೇಕು. ಯಾವ ಕಡೆ ತಿರುಗಿಸಿದರೆ ಮುಚ್ಚುತ್ತದೆ ಅನ್ನೋದು ಕೈಗೆ ಬಾಯಿಪಾಠ ಆಗಿರಬೇಕು. ಇದಕ್ಕೆ ಭುಜ ಬಾಗಬೇಕು, ಅದು ಬೇರೆ. ಮನೆಯಲ್ಲಿ ಇಬ್ಬರೂ ಕತ್ತಿನ ಹಿಂದೆ ಕೈ ಇಟ್ಟು ಬೆನ್ನಿನ ಮೇಲ್ಭಾಗ ಮುಟ್ಟಿ ನೋಡಿ.

ಪರ್ಸಿ ಖಣಿ, ಶಹಾಬಾದ್

ಅಕ್ಕಾ, ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ. ಓಪನ್ ವಾಟರ್ ಆಗಿದೆ. ಸಮುದ್ರಕ್ಕೆ ಹೋಗೋಕೆ ದುಡ್ಡು ಸಾಲೋದಿಲ್ಲ. ನಮ್ಮ ಕಡೆ ಕೈಬಿಟ್ಟ ಪರ್ಸಿ ಕಲ್ಲಿನ ಖಣಿಗಳಲ್ಲಿ ವರ್ಷಪೂರ್ತಿ ನೀರು ನಿಂತಿರುತ್ತದೆ. ಈ 6 ಮೀಟರ್ ಪ್ರಾಕ್ಟೀಸ್ ಅಲ್ಲಿಯೇ ಮಾಡಬಹುದಲ್ಲವಾ? ಸಿಲಿಂಡರ್ ಹೇಗಾದರೂ ತರಿಸಬಹುದು.

ಸುರಪುರದ ಬಾವಿ, ಯಾದಗಿರಿ

ತಮ್ಮಾ, ಬೇಡ. ನಾನು ಸ್ಕೂಬಾ ಗೀಬಾ ಕಲಿತವನಲ್ಲ. ಹಳೇ ಮನುಷ್ಯ. ಪಾವಟಿಗೆ ಬಾವಿಗಳಲ್ಲಿ ಮುಳುಗಿ ಕೊಡ, ಪಂಪಿನ ಪೈಪು, ಒಮ್ಮೊಮ್ಮೆ ಮನುಷ್ಯರನ್ನೂ ತೆಗೆದಿದ್ದೇನೆ. ಪಾತಾಳಗರಡಿಗೆ ಸಿಗದೇ ಇದ್ದದ್ದನ್ನು ತೆಗೆಯೋಕೆ ನಮ್ಮನ್ನು ಕರೆಯುತ್ತಿದ್ದರು.

ಖಣಿಯ ನೀರು ಬಾವಿಯ ನೀರಿನ ಹಾಗಲ್ಲ. ದಂಡೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ, ಒಂದು ಹೆಜ್ಜೆ ಆಚೆ ಇಟ್ಟರೆ ತಳವೇ ಇಲ್ಲ. ಕಲ್ಲಿನ ಹುಡಿ ಒಮ್ಮೆ ಎದ್ದರೆ ನಿನ್ನ ಕೈ ನಿನಗೆ ಕಾಣೋದಿಲ್ಲ. ಒಳಗೆ ಹಳೇ ತಂತಿ, ಹಗ್ಗ, ಮುಳ್ಳುಕಂಟಿ ಇರುತ್ತದೆ. ನಾನು ಒಂದು ಸಲ ತಂತಿಗೆ ಕಾಲು ಸಿಕ್ಕಿಸಿಕೊಂಡಿದ್ದೆ. ಉಸಿರು ಕಟ್ಟಿಕೊಂಡು ಬಿಡಿಸಿಕೊಂಡೆ. ಆ ದಿನ ಮೇಲೆ ಬಂದು ದಂಡೆಯ ಮೇಲೆ ಕೂತವನಿಗೆ ಮಧ್ಯಾಹ್ನದ ತನಕ ಏಳೋಕಾಗಲಿಲ್ಲ. ಬೇಸಿಗೆ ಬಂದರೆ ಖಣಿಯಲ್ಲಿ ಮುಳುಗಿದ ಹುಡುಗರ ಸುದ್ದಿ ಓದುತ್ತೇವೆ. ಅವರ ಅವ್ವಂದಿರ ಅಳು ನಾನು ಕೇಳಿದ್ದೇನೆ.

ಝರಣಿ, ಬೀದರ್

ಕಾಕಾ ಹೇಳಿದ ಮೇಲೆ ನಾನು ಹೇಳೋದು ಕಡಿಮೆ. ಒಂದು ಮಾತು ಸೇರಿಸುತ್ತೇನೆ. ಕಲಬುರಗಿ ಸಮುದ್ರಮಟ್ಟದಿಂದ 454 ಮೀಟರ್ ಮೇಲಿದೆ. 300 ಮೀಟರ್ ದಾಟಿದರೆ ಅದನ್ನು ಎತ್ತರದ ಡೈವ್ ಅಂತಲೇ ಲೆಕ್ಕ ಹಾಕಬೇಕು. ಸಮುದ್ರಕ್ಕೆ ಮಾಡಿದ ಪಟ್ಟಿ ಇಲ್ಲಿ ಹಾಗೇ ನಡೆಯೋದಿಲ್ಲ. ಮಾಸ್ಕ್ ತೆಗೆದು ಉಸಿರಾಡೋದು, ಮಟ್ಟಸವಾಗಿ ತೇಲೋದು ಊರಿನ ಈಜುಕೊಳದಲ್ಲೂ ಕಲಿಯಬಹುದು. ಐದು ಅಡಿ ನೀರು ಸಾಕು. ದಂಡೆಯ ಮೇಲೆ ಒಬ್ಬರು ನೋಡುತ್ತಾ ನಿಂತಿರಲಿ.

ಓಪಿಡಿ, ಕಲಬುರಗಿ

ನಾನು ವೈದ್ಯ, ಡೈವ್ ಕೂಡ ಮಾಡುತ್ತೇನೆ. ಭೀಮಾತೀರ ಅವರೇ, ಕೋರ್ಸ್‌ಗೆ ದುಡ್ಡು ಕಟ್ಟುವ ಮೊದಲು ಸರಿಯಾಗಿ ತಪಾಸಣೆ ಮಾಡಿಸಿಕೊಳ್ಳಿ. ಸುಮ್ನೆ ಫಾರಂಗೆ ಸಹಿ ಹಾಕಿಸಿಕೊಳ್ಳಬೇಡಿ.

ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಹುಟ್ಟುವ ಮುಂಚೆ ಒಂದು ಕಿಂಡಿ ಇರುತ್ತದೆ. ನಾಲ್ಕರಲ್ಲಿ ಒಬ್ಬರಿಗೆ ಅದು ಪೂರ್ತಿ ಮುಚ್ಚಿರುವುದಿಲ್ಲ. ಪಿಎಫ್‌ಒ ಅನ್ನುತ್ತಾರೆ. ದಿನದ ಬದುಕಿನಲ್ಲಿ ಅದರಿಂದ ಏನೂ ತೊಂದರೆ ಇಲ್ಲ, ಬಹಳ ಜನರಿಗೆ ಇರುವುದೇ ಗೊತ್ತಿರುವುದಿಲ್ಲ. ಆದರೆ ಡಿಕೋ ಡೈವ್ ಆದ ಮೇಲೆ ರಕ್ತನಾಳದಲ್ಲಿ ಇರೋ ಸಣ್ಣ ಗುಳ್ಳೆಗಳನ್ನು ಶ್ವಾಸಕೋಶ ಸೋಸುವ ಮೊದಲೇ, ಆ ಕಿಂಡಿಯ ಮೂಲಕ ಮಿದುಳಿನ ಕಡೆ ಹೋಗಲು ದಾರಿಯಾಗಬಹುದು. ಎಲ್ಲರಿಗೂ ಪರೀಕ್ಷೆ ಬೇಕು ಅಂತಲ್ಲ. ಹಿಂದೆ ಡೈವ್ ಆದ ಮೇಲೆ ಚರ್ಮದಲ್ಲಿ ಕೆಂಪು ಮಚ್ಚೆ, ತಲೆಸುತ್ತು, ಕಣ್ಣು ಮಂಜಾಗೋದು ಆಗಿದ್ದರೆ ಮಾಡಿಸಿ. ತಲೆನೋವಿನ ಮೈಗ್ರೇನ್ ಇದ್ದವರೂ ವೈದ್ಯರಿಗೆ ಹೇಳಲೇಬೇಕು.

ಇನ್ನೊಂದು. ಬೆಂಡ್ಸ್ (ಆ ಗುಳ್ಳೆಗಳಿಂದ ಬರೋ ಕಾಯಿಲೆ) ಆದರೆ ಮೊದಲ ಮದ್ದು ಶುದ್ಧ ಆಕ್ಸಿಜನ್. ಆಮೇಲೆ ಒತ್ತಡದ ಚೇಂಬರ್. ಅಲ್ಲಿ 18 ಮೀಟರ್ ಆಳದ ಒತ್ತಡ ಕೊಟ್ಟು ಆಕ್ಸಿಜನ್ ಉಸಿರಾಡಿಸುತ್ತಾರೆ. ಸಾಮಾನ್ಯವಾಗಿ ಬಳಸುವ ಅಮೆರಿಕ ನೌಕಾಪಡೆಯ 6ನೇ ಪಟ್ಟಿಯಲ್ಲಿ ಒಂದು ಸಲದ ಚಿಕಿತ್ಸೆಯೇ 4 ಗಂಟೆ 45 ನಿಮಿಷ. ನಮ್ಮ ದೇಶದಲ್ಲಿ ಈ ವಿದ್ಯೆಯ ದೊಡ್ಡ ಅನುಭವ ಇರೋದು ನೌಕಾಪಡೆಯ ಆಸ್ಪತ್ರೆಗಳಲ್ಲಿ, ಮುಂಬೈಯ ಅಶ್ವಿನಿಯಂಥ ಕಡೆ. ನಮ್ಮೂರಿನಿಂದ ಅದು ರಾತ್ರಿಯಿಡೀ ರೈಲು. ಡೈವ್ ಮಾಡುವ ಜಾಗಕ್ಕೆ ಹತ್ತಿರದ ಚೇಂಬರ್ ಯಾವುದು, ದೋಣಿಯಲ್ಲಿ ಆಕ್ಸಿಜನ್ ಎಷ್ಟಿದೆ, ಡೈವಿಂಗ್ ವಿಮೆ ಇದೆಯೋ ಇಲ್ಲವೋ, ಇವು ಮೂರನ್ನೂ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ಹಳೇ ಟ್ವಿನ್‌ಸೆಟ್, ಯಾದಗಿರಿ

ನಾನು ಟೆಕ್ ಕಲಿತು ಬಿಟ್ಟವನು. ಯಾಕೆ ಬಿಟ್ಟೆ ಅಂತ ಹೇಳುತ್ತೇನೆ.

ಕೋರ್ಸ್ ಚೆನ್ನಾಗಿಯೇ ಆಯಿತು. ಡಿಕೋ ಡೈವ್ 12 ಮಾಡಿದೆ. ನನಗೆ ಅಷ್ಟು ಸಂತೋಷ ಕೊಟ್ಟ ಇನ್ನೊಂದು ಕೆಲಸ ಇಲ್ಲ. ಎಲ್ಲ ಮೊದಲೇ ಬರೆದಿಟ್ಟು, ಮೂರು ಜನ ಒಂದೇ ಮನಸ್ಸಿನಿಂದ ಇಳಿದು, ಒಂದು ಮಾತಿಲ್ಲದೆ ಬರೀ ಟಾರ್ಚಿನ ಬೆಳಕಿನಲ್ಲಿ ಒಬ್ಬರಿಗೊಬ್ಬರು "ಸರಿ" ಅಂತ ಹೇಳಿಕೊಳ್ಳುತ್ತಾ ಮೇಲೆ ಬರೋದು. ಆಮೇಲೆ ಅಪ್ಪನಿಗೆ ಹುಷಾರಿಲ್ಲದೆ ಆಯಿತು. 14 ತಿಂಗಳು ನೀರಿಗೆ ಹೋಗಲಿಲ್ಲ. ತಿರುಗಿ ಹೋದವನು ನೇರ 45 ಮೀಟರ್‌ಗೆ ಇಳಿದೆ. ಅದೇ ತಪ್ಪು.

ಕೆಳಗೆ ವಾಲ್ವ್ ಡ್ರಿಲ್ ಮಾಡುವಾಗ ಎಡಗಡೆಯದನ್ನು ಮುಚ್ಚಿ ತೆರೆಯಬೇಕಿತ್ತು. ನಾನು ತೆರೆದೆ ಅಂದುಕೊಂಡು ಇನ್ನೂ ಬಿಗಿ ಮಾಡುತ್ತಿದ್ದೆ. ತೆರೆದಿದೆ ಅಂತ ಕೈ ಸನ್ನೆಯನ್ನೂ ಮಾಡಿದೆ. ಜೊತೆಗಿದ್ದವರು ಹತ್ತಿರ ಬಂದು, ನನ್ನ ಕೈ ಮೇಲೆ ಕೈ ಇಟ್ಟು, ನಿಧಾನ ಎದುರು ದಿಕ್ಕಿಗೆ ತಿರುಗಿಸಿದರು. ಅವರು ನೋಡದೆ ಇದ್ದಿದ್ದರೆ ನನ್ನ ಎರಡನೇ ರೆಗ್ಯುಲೇಟರ್ ಸತ್ತಿದೆ ಅಂತ ನನಗೆ ಬೇಕಾದ ಹೊತ್ತಿನಲ್ಲೇ ಗೊತ್ತಾಗುತ್ತಿತ್ತು. ಓದಿದ್ದೆಲ್ಲ ತಲೆಯಲ್ಲಿ ಇತ್ತು. ಕೈ ಮರೆತಿತ್ತು. ಭೀಮಾತೀರ ಅವರೇ, ಆರು ವರ್ಷಕ್ಕೆ 62 ಅಂದರೆ ವರ್ಷಕ್ಕೆ ಹತ್ತು ಡೈವ್. ಟೆಕ್‌ಗೆ ಅದು ಸಾಲೋದಿಲ್ಲ. ವರ್ಷಕ್ಕೆ ಎಷ್ಟು ಸಲ ಸಮುದ್ರಕ್ಕೆ ಹೋಗಬಲ್ಲೆ ಅಂತ ಮೊದಲು ಕ್ಯಾಲೆಂಡರ್ ನೋಡಿ. ಮಳೆಗಾಲದಲ್ಲಿ ನೇತ್ರಾಣಿ ಬಂದ್. ನಮಗೆ ಅಕ್ಟೋಬರ್‌ನಿಂದ ಮೇ ತನಕ ಮಾತ್ರ.

ಇನ್ನೊಂದು, ನಮ್ಮ ಕಡೆಯವರಿಗೆ ಮಾತ್ರ ಇರೋ ತೊಂದರೆ. ಮುರುಡೇಶ್ವರದಿಂದ ಊರಿಗೆ ಬರುವಾಗ ಅರಬೈಲ್ ಘಾಟ್ ಹತ್ತಿ ಯಲ್ಲಾಪುರ, ಹುಬ್ಬಳ್ಳಿ. ಹುಬ್ಬಳ್ಳಿಯ ಎತ್ತರ 600 ಮೀಟರ್ ದಾಟುತ್ತದೆ, ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿದು ಮೈಯಲ್ಲಿ ಗುಳ್ಳೆ ಏಳಬಹುದು. ಡೈವ್ ಆದ ಮೇಲೆ ವಿಮಾನ ಹತ್ತೋದಕ್ಕೆ ಹೇಳೋ ಕಾಯುವ ಹೊತ್ತು 600 ಮೀಟರ್‌ನಿಂದಲೇ ಲೆಕ್ಕಕ್ಕೆ ಬರುತ್ತದೆ: ಒಂದೇ ಡೈವ್ ಆದರೆ 12 ಗಂಟೆ, ದಿನಾ ಮಾಡಿದ್ದರೆ 18, ಡಿಕೋ ಮಾಡಿದ್ದರೆ ಅದಕ್ಕಿಂತ ಎಷ್ಟೋ ಜಾಸ್ತಿ. ನಾನು ಒಮ್ಮೆ ಬೆಳಿಗ್ಗೆಯ ಕೆಲಸಕ್ಕೆ ಅಂತ ಸಂಜೆಯೇ ಕಾರು ಹತ್ತಿದ್ದೆ. ಯಲ್ಲಾಪುರ ದಾಟಿದ ಮೇಲೆ ಎಡ ಮೊಣಕೈಯಲ್ಲಿ ಹಲ್ಲುನೋವಿನಂಥ ನೋವು. ಬೆರಳು ಜುಂ ಅನ್ನುತ್ತಿತ್ತು. ಮರುದಿನ ಒಂದು ಆಸ್ಪತ್ರೆಯಲ್ಲಿ ಉಳುಕು ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ಡೈವ್ ಮಾಡಿ ಬಂದೆ ಅಂತ ನಾನೂ ಹೇಳಲಿಲ್ಲ. ಒಂದು ರಾತ್ರಿ ಅಲ್ಲೇ ಮಲಗಿ ಬರೋದಕ್ಕೆ ಆಗದವರು ಡಿಕೋ ಡೈವ್ ಮಾಡಬಾರದು.

ಕೋಟೆ ಕಂದಕ, ಬೀದರ್

ಕಾರಿನ ಮಾತು ನನಗೆ ಗೊತ್ತಿರಲಿಲ್ಲ. ನಾವು ಪ್ರತಿ ಸಲ ಸಂಜೆಯೇ ಹೊರಡುತ್ತೇವೆ.

ಝರಣಿ ಅಕ್ಕಾ, ಒಂದು ಕೇಳಬೇಕು. ಆಳದಲ್ಲೇ ಒಂದೆರಡು ಸ್ಟಾಪ್ ಹಾಕಿಕೊಂಡು ಬಂದರೆ ಗುಳ್ಳೆ ಏಳೋದಿಲ್ಲ, ಮೇಲಿನ ಸ್ಟಾಪ್ ಕಡಿಮೆ ಸಾಕು ಅಂತ ಓದಿದ್ದೆ. ಹರ್ಮಿಸ್‌ಗೆ ಹೋದರೆ ಹಾಗೆ ಮಾಡಬಹುದಾ?

ಝರಣಿ, ಬೀದರ್

ಅದು ಹಳೇ ನಂಬಿಕೆ. ನಾನೂ ಒಂದು ಕಾಲದಲ್ಲಿ ಹಾಗೇ ಕಲಿತಿದ್ದೆ. ಅಮೆರಿಕ ನೌಕಾಪಡೆ ಇದನ್ನು ಮನುಷ್ಯರ ಮೇಲೆಯೇ ಪರೀಕ್ಷೆ ಮಾಡಿತು, 2011ರಲ್ಲಿ ವರದಿ ಬಂತು. ಆಳ 170 ಅಡಿ, ಅಂದರೆ 52 ಮೀಟರ್, ಹೆಚ್ಚುಕಡಿಮೆ ನಿಮ್ಮ ಹರ್ಮಿಸ್ ಆಳವೇ. ತಳದಲ್ಲಿ 30 ನಿಮಿಷ. ಎರಡೂ ಗುಂಪಿಗೆ ಡಿಕೋದ ಒಟ್ಟು ಹೊತ್ತು ಒಂದೇ. ಆಳದ ಸ್ಟಾಪ್ ಹಾಕಿದ 198 ಡೈವ್‌ಗಳಲ್ಲಿ 11 ಸಲ ಬೆಂಡ್ಸ್ ಆಯಿತು. ಮೇಲಿನ ಸ್ಟಾಪ್‌ಗಳಲ್ಲೇ ಜಾಸ್ತಿ ಹೊತ್ತು ಕಳೆದ 192ರಲ್ಲಿ 3 ಸಲ. ಆಳದಲ್ಲಿ ನಿಂತಾಗ ನಿಧಾನವಾಗಿ ತುಂಬುವ ಅಂಗಾಂಶಗಳು ಇನ್ನೂ ನೈಟ್ರೋಜನ್ ತುಂಬಿಕೊಳ್ಳುತ್ತಲೇ ಇರುತ್ತವೆ. ಹಾಗಾಗಿ ಈಗ ಕಂಪ್ಯೂಟರ್‌ನ ಗ್ರೇಡಿಯಂಟ್ ಫ್ಯಾಕ್ಟರ್‌ಗಳನ್ನು (ಸ್ಟಾಪ್ ಎಲ್ಲಿ, ಎಷ್ಟು ಹೊತ್ತು ಅಂತ ಬದಲಿಸೋ ಸೆಟ್ಟಿಂಗ್) ಆಳದ ಸ್ಟಾಪ್ ಕಡಿಮೆಯಾಗುವಂತೆ ಇಡುವವರು ಜಾಸ್ತಿ. 1908ರಲ್ಲಿ ಹಾಲ್ಡೇನ್ ಆಡುಗಳ ಮೇಲೆ ಪ್ರಯೋಗ ಮಾಡಿ ಮೊದಲ ಪಟ್ಟಿ ಕೊಟ್ಟ ದಿನದಿಂದ ಈ ವಿದ್ಯೆ ತಿದ್ದಿಕೊಳ್ಳುತ್ತಲೇ ಬಂದಿದೆ. ಹತ್ತು ವರ್ಷದ ಹಿಂದಿನ ಪುಸ್ತಕ ಇಟ್ಟುಕೊಂಡು ಡೈವ್ ಯೋಜನೆ ಮಾಡಬೇಡ.

ಹರ್ಮಿಸ್ ಬಗ್ಗೆ ಒಂದು ಮಾತು. 53 ಮೀಟರ್‌ನಲ್ಲಿ ಸಾದಾ ಗಾಳಿಯ ಆಕ್ಸಿಜನ್ ಒತ್ತಡ 1.3, ಅದು ಮಿತಿಯ ಒಳಗೇ ಇದೆ. ತೊಂದರೆ ಅಮಲಿನದು. ನೈಟ್ರೋಜನ್ ಆ ಆಳದಲ್ಲಿ ತಲೆಗೆ ಏರುತ್ತದೆ. ಏರಿದವರಿಗೆ ಏರಿದ್ದು ತಿಳಿಯೋದಿಲ್ಲ. ಹೀಲಿಯಂ ನೂರಕ್ಕೆ 35 ಪಾಲು ಸೇರಿಸಿದರೆ ತಲೆಗೆ ಅದು 31 ಮೀಟರ್ ಇದ್ದ ಹಾಗೆ. ಆದರೆ ನಮ್ಮ ದೇಶಕ್ಕೆ ಹೀಲಿಯಂ ಹೊರಗಿನಿಂದ ಬರಬೇಕು, ದುಬಾರಿ. ಅಮಲಿನಲ್ಲಿ ನೋಡಿದ ಹಡಗು ಆಮೇಲೆ ನೆನಪಿನಲ್ಲೂ ಸರಿಯಾಗಿ ಉಳಿಯೋದಿಲ್ಲ, ಅದು ನನ್ನ ಸ್ವಂತ ಅನುಭವ.

ಭೀಮಾತೀರ, ಕಲಬುರಗಿ

ಎಲ್ಲ ಓದಿದೆ. ಲೆಕ್ಕ ನನ್ನ ಕೆಲಸ, ಆದರೆ ಗಾಳಿಯ ಲೆಕ್ಕ ಸರಿಯಾಗಿ ಕೂತು ಹಾಕಿರಲಿಲ್ಲ. ನಿನ್ನೆ ರಾತ್ರಿ ಹಾಕಿದೆ. ತಪ್ಪಿದ್ದರೆ ತಿದ್ದಿ.

40 ಮೀಟರ್‌ನಲ್ಲಿ ಬಡ್ಡಿಯ ಗಾಳಿ ಮುಗಿದಿದೆ ಅಂದುಕೊಳ್ಳೋಣ. ಗಾಬರಿಯಲ್ಲಿ ಒಬ್ಬೊಬ್ಬರು ನಿಮಿಷಕ್ಕೆ 30 ಲೀಟರ್, ಇಬ್ಬರಿಗೆ 60. ಅಲ್ಲಿ ಒತ್ತಡ ಐದು ಪಟ್ಟು. ರೆಗ್ಯುಲೇಟರ್ ಕೊಟ್ಟು ಸುಧಾರಿಸಿಕೊಳ್ಳಲು ಒಂದು ನಿಮಿಷ: 300 ಲೀಟರ್. 40ರಿಂದ 5 ಮೀಟರ್‌ಗೆ ಬರಲು 4 ನಿಮಿಷ, ಸರಾಸರಿ ಒತ್ತಡ 3.25: 780 ಲೀಟರ್. 5 ಮೀಟರ್‌ನಲ್ಲಿ 3 ನಿಮಿಷ: 270. ಒಟ್ಟು 1,350 ಲೀಟರ್. ನಮ್ಮ 11.1 ಲೀಟರ್ ಸಿಲಿಂಡರ್‌ನಲ್ಲಿ ಅದು ಸುಮಾರು 122 ಬಾರ್ ಒತ್ತಡ.

ಅಂದರೆ ತುಂಬಿದ 200 ಬಾರ್‌ನಲ್ಲಿ 122 ನನ್ನದಲ್ಲ. ಅದು ಇಬ್ಬರನ್ನೂ ಜೀವಂತ ಮೇಲೆ ತರೋದಕ್ಕೆ ಇಟ್ಟ ಗಂಟು. ಆ ಮುರು ಮೀನಿನ ಡೈವ್‌ನ ಲಾಗ್‌ಬುಕ್ ತೆಗೆದು ನೋಡಿದೆ. 34 ಮೀಟರ್ ಬಿಟ್ಟು ಹೊರಟಾಗ ನನ್ನ ಗೇಜ್ 80 ಬಾರ್. ನನ್ನ ಬಡ್ಡಿ ಇದೇ ಬೀದರಿನ ಗೆಳೆಯ. ಆ ಹೊತ್ತಿನಲ್ಲಿ ಅವನಿಗೆ ಏನಾದರೂ ಆಗಿದ್ದರೆ ನನ್ನ ಹತ್ತಿರ ಇಬ್ಬರಿಗೂ ಆಗುವಷ್ಟು ಇರಲಿಲ್ಲ. ಇನ್ನೂ ಹತ್ತು ನಿಮಿಷ ಬೇಕಿತ್ತು ಅಂತ ನಾನು ಮೇಲೆ ಬರೆದಿದ್ದೆ. ಬರೆದದ್ದು ಹಾಗೇ ಇರಲಿ.

ಡಿಸೆಂಬರ್‌ನಲ್ಲಿ ನೇತ್ರಾಣಿಗೆ ಹೋಗುತ್ತಿದ್ದೇವೆ. ಅಕ್ಕ ಹೇಳಿದ್ದು ಮಾಡುತ್ತೇನೆ.

ಭೀಮಾತೀರ, ಕಲಬುರಗಿ

ನೇತ್ರಾಣಿಯಿಂದ ಬಂದೆ. ಈ ಸಲ ಮುರುಡೇಶ್ವರದಲ್ಲೇ ಮಲಗಿ ಮರುದಿನ ಮಧ್ಯಾಹ್ನ ಹೊರಟೆವು.

ಮೊದಲ ದಿನ. 6 ಮೀಟರ್, ಹಗ್ಗ ಹಿಡಿಯದೆ. ಸುಮ್ನೆ ಇರೋದು ಮೂರು ನಿಮಿಷ ಚೆನ್ನಾಗಿಯೇ ಆಯಿತು. ಎಸ್‌ಎಂಬಿಗೆ ಗಾಳಿ ಊದುವಾಗ ಎದೆ ತುಂಬ ಉಸಿರೆಳೆದಿದ್ದೆ. ಅದು ಮೇಲೆ ಹೋಗುವಾಗ ಅದರ ದಾರದ ಸ್ಪೂಲ್ ಕೈಯಲ್ಲಿ ಒಂದು ಕ್ಷಣ ಸಿಕ್ಕಿಕೊಂಡಿತು, ನನ್ನನ್ನೂ ಎಳೆಯಿತು. 3.9 ಮೀಟರ್. ಮಾಸ್ಕ್ ತೆಗೆದಾಗ ಉಪ್ಪುನೀರು ಮೂಗಿಗೆ ಹೊಕ್ಕಿತು. ಕಣ್ಣು ಮುಚ್ಚಿಕೊಂಡು ಬರೀ ಉಸಿರಿನ ಮೇಲೆ ಗಮನ ಇಟ್ಟಿದ್ದೆ. ಹಾಕಿಕೊಂಡು ಕಂಪ್ಯೂಟರ್ ನೋಡಿದರೆ 8.1. ಇಳಿದದ್ದು ಗೊತ್ತೇ ಆಗಿರಲಿಲ್ಲ. ಬಾಯಲ್ಲಿ ಆಕ್ಸಿಜನ್ ಇದ್ದಿದ್ದರೆ 1.8. ಹತ್ತು ನಿಮಿಷದಲ್ಲಿ ಮೇಲಿನ ಚಾವಣಿಯನ್ನೂ ಒಡೆದೆ, ಕೆಳಗಿನ ಮಿತಿಯನ್ನೂ ದಾಟಿದೆ.

ಎರಡನೇ ದಿನ 5.1ರಿಂದ 7ರ ನಡುವೆ ಇದ್ದೆ. ಉತ್ತಮ, ಆದರೆ ಅರ್ಧ ಮೀಟರ್ ಅಲ್ಲ.

ಮನೆಗೆ ಬಂದು ಹೆಂಡತಿಗೆ ಆ ಗೆರೆ ತೋರಿಸಿದೆ. ಅವಳ ಪ್ರಶ್ನೆಗೆ ಈಗ ಉತ್ತರ ಇದೆ: ಸೀದಾ ಮೇಲೆ ಬರೋಕಾಗೋದಿಲ್ಲ, ಇವತ್ತಿನ ನನಗೆ ಕೆಳಗೆ ನಿಂತು ಸರಿ ಮಾಡೋಕೂ ಬರೋದಿಲ್ಲ. ಹಾಗಾಗಿ ಈ ವರ್ಷ ಡಿಕೋ ಕೋರ್ಸ್ ಇಲ್ಲ. ಆದರೆ ಕಲಿಯೋದನ್ನು ಬಿಡುವುದಿಲ್ಲ. ಟ್ವಿನ್‌ಸೆಟ್ ಹಾಕಿಕೊಂಡು, ಡಿಕೋ ಇಲ್ಲದ ಮಿತಿಯೊಳಗೇ, ತೇಲೋದು, ಹಿಂದಕ್ಕೆ ಈಜೋದು, ವಾಲ್ವ್ ಮುಚ್ಚೋದು ಮಾತ್ರ ಕಲಿಸೋ ಕೋರ್ಸ್ ಇದೆಯಲ್ಲ, ಅದನ್ನು ಮಾಡುತ್ತೇನೆ. ಸಾಮಾನು ಕೊಳ್ಳೋದಿಲ್ಲ, ಬಾಡಿಗೆ. ಅಕ್ಟೋಬರ್‌ನಿಂದ ಮೇ ಒಳಗೆ ನಾಲ್ಕು ಸಲ ಸಮುದ್ರಕ್ಕೆ ಹೋಗೋಕಾಗುತ್ತದಾ ಅಂತ ನೋಡುತ್ತೇನೆ. ತೊಗರಿ ಸುಗ್ಗಿಯ ಜನವರಿ, ಫೆಬ್ರವರಿಯಲ್ಲಿ ಮಿಲ್ಲು ಬಿಡೋಕಾಗೋದಿಲ್ಲ, ಅದೊಂದೇ ಚಿಂತೆ.

ಒಂದು ಕೇಳಬೇಕು ಅಕ್ಕಾ. ಸುಮ್ನೆ ಇದ್ದಾಗ ನನ್ನ ಕಾಲು ಕೆಳಗೆ ಇಳಿಯುತ್ತಲೇ ಇರುತ್ತದೆ. ಫಿನ್ ಆಡಿಸಿದರೆ ಮಾತ್ರ ಮಟ್ಟಸ ಇರುತ್ತೇನೆ. ಯಾಕೆ?

ಝರಣಿ, ಬೀದರ್

ಸೊಂಟದ ಬೆಲ್ಟಿನಲ್ಲಿ ತೂಕ ಎಷ್ಟಿದೆ ತಮ್ಮಾ? 6 ಕಿಲೋ ಅಂದರೆ ಅದರಲ್ಲಿ 2 ತೆಗೆದು ಸಿಲಿಂಡರ್‌ನ ಮೇಲಿನ ಪಟ್ಟಿಗೆ, ಭುಜದ ಹತ್ತಿರ ಕಟ್ಟು. ಸಿಲಿಂಡರನ್ನೂ ಎರಡು ಬೆರಳು ಮೇಲೆ ಎತ್ತಿ ಕಟ್ಟು. ಮೊಣಕಾಲು ಮಡಚಿ ಫಿನ್ ಹಿಂದೆ ಎತ್ತಿಡು, ತೊಡೆ ಕೆಳಗೆ ಬೀಳಬಾರದು. ತಲೆ ಎತ್ತಿ ಮುಂದೆ ನೋಡು, ಗಲ್ಲ ಕೆಳಗೆ ಹೋದರೆ ಮೈಯೂ ಹೋಗುತ್ತದೆ. ಮಾಸ್ಕ್ ತೆಗೆದಾಗ ಇಳಿದದ್ದು ಉಸಿರಿನಿಂದ. ಗಾಬರಿಗೆ ನೀನು ಪೂರ್ತಿ ಉಸಿರು ಬಿಟ್ಟು ಸಣ್ಣ ಸಣ್ಣ ಉಸಿರು ಎಳೆಯುತ್ತಿದ್ದೀಯ. ಈಜುಕೊಳದಲ್ಲಿ ಮಾಸ್ಕ್ ಇಲ್ಲದೆ ಸ್ನಾರ್ಕೆಲ್ ಕಚ್ಚಿಕೊಂಡು ದಿನಾ ಹತ್ತು ನಿಮಿಷ ಮುಖ ನೀರಿನಲ್ಲಿಡು. ಒಂದು ತಿಂಗಳಿಗೆ ಮೂಗು ಸುಮ್ಮನಾಗುತ್ತದೆ.

ಮಾರ್ಚ್‌ನಲ್ಲಿ ನಾನೂ ಮುರುಡೇಶ್ವರಕ್ಕೆ ಬರುತ್ತಿದ್ದೇನೆ. ಕ್ಯಾಮೆರಾ ತರುತ್ತೇನೆ.

ಕೋಟೆ ಕಂದಕ, ಬೀದರ್

ನಾನೂ ಅದೇ ಎರಡು ದಿನ ಮಾಡಿದೆ. ಹೇಳದೆ ಇದ್ದೆ. ನನ್ನದು ಮೊದಲ ದಿನ 2.8ರಿಂದ 9.4. ಮಾರ್ಚ್‌ಗೆ ನಾನೂ ಬರುತ್ತೇನೆ ಅಕ್ಕಾ.